ಇಎ ಎಫ್‌ಸಿ ಮತ್ತು ಇಫುಟ್‌ಬಾಲ್: ಹೆಸರು ಬಿಟ್ಟುಕೊಟ್ಟ ಎರಡು ಆಟಗಳು

ಫುಟ್‌ಬಾಲ್ ವಿಡಿಯೊ ಗೇಮ್‌ಗಳಲ್ಲಿ ದಶಕಗಳಿಂದ ಪೈಪೋಟಿ ನಡೆಸಿಕೊಂಡು ಬಂದ ಎರಡು ಸರಣಿಗಳು ಎರಡೇ ವರ್ಷಗಳ ಅಂತರದಲ್ಲಿ ತಮ್ಮ ಹೆಸರನ್ನು ಬಿಟ್ಟುಕೊಟ್ಟವು. ಜಪಾನಿನ ಕೊನಾಮಿ ಸಂಸ್ಥೆ 2021ರಲ್ಲಿ ಪ್ರೊ ಎವಲ್ಯೂಷನ್ ಸಾಕರ್ ಎಂಬ ಹೆಸರನ್ನು ಯಾರ ಒತ್ತಾಯವೂ ಇಲ್ಲದೆ ಕೈಬಿಟ್ಟು ಇಫುಟ್‌ಬಾಲ್ ಎಂದು ಕರೆದುಕೊಂಡಿತು. ಅಮೆರಿಕದ ಇಎ (ಎಲೆಕ್ಟ್ರಾನಿಕ್ ಆರ್ಟ್ಸ್) ಸಂಸ್ಥೆ 1993ರಿಂದ ಬಳಸುತ್ತಿದ್ದ ಫಿಫಾ ಎಂಬ ಹೆಸರನ್ನು, ಆ ಹೆಸರಿನ ಒಡೆಯನಾದ ವಿಶ್ವ ಫುಟ್‌ಬಾಲ್ ಆಡಳಿತ ಸಂಸ್ಥೆ ಫಿಫಾ ಜೊತೆಗಿನ ಒಪ್ಪಂದದ ಮಾತುಕತೆ ಮುರಿದುಬಿದ್ದ ಕಾರಣ, 2023ರಲ್ಲಿ ಕಳೆದುಕೊಂಡು ಇಎ ಸ್ಪೋರ್ಟ್ಸ್ ಎಫ್‌ಸಿ ಎಂದಾಯಿತು. ಎರಡನ್ನೂ ಹಳೆಯ ಹೆಸರಿನಲ್ಲೂ ಹೊಸ ಹೆಸರಿನಲ್ಲೂ ಆಡಿದವನಾಗಿ ನನಗೆ ಕುತೂಹಲ ಹುಟ್ಟಿಸಿದ್ದು ಒಂದೇ ವಿಷಯ: ಬಲವಂತವಾಗಿ ಹೆಸರು ಕಳೆದುಕೊಂಡ ಆಟಕ್ಕೆ ಹೆಚ್ಚು ಪೆಟ್ಟು ಬೀಳಲಿಲ್ಲ, ತಾನಾಗಿಯೇ ಹೆಸರು ಬದಲಿಸಿಕೊಂಡ ಆಟ ನೆಲಕಚ್ಚಿತು.

ಮೊದಲು ಇಎ ಕಡೆಯನ್ನು ನೋಡೋಣ. ಫಿಫಾ 23 ಆಡಿದವರು ಎಫ್‌ಸಿ 24ನ್ನು ತೆರೆದಾಗ ಕಲಿಯಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಅದೇ ಬಟನ್‌ಗಳು, ಒಬ್ಬನೇ ಕೂತು ಋತುಗಟ್ಟಲೆ ತಂಡ ನಡೆಸುವ ಅದೇ ಕರಿಯರ್ ಮೋಡ್, ಆಟಗಾರರ ಕಾರ್ಡ್‌ಗಳನ್ನು ಕೂಡಿಹಾಕಿ ತಂಡ ಕಟ್ಟುವ ಅದೇ ಅಲ್ಟಿಮೇಟ್ ಟೀಮ್. ಹೊಸ ಲಾಂಛನವೂ ತ್ರಿಕೋನ. ಆಡುವಾಗ ನಮ್ಮ ಹಿಡಿತದಲ್ಲಿರುವ ಆಟಗಾರನ ತಲೆಯ ಮೇಲೆ ತೇಲುವ ಚಿಹ್ನೆಯನ್ನು ಅದು ನೆನಪಿಸುತ್ತದೆ. ಬ್ರ್ಯಾಂಡಿಂಗ್ ದೃಷ್ಟಿಯಿಂದ ಇದು ಜಾಣ ನಡೆ. ಡಬ್ಬಿಯ ಮೇಲಿನ ಅಕ್ಷರಗಳು ಬದಲಾದರೂ ಆಟಗಾರನ ಕಣ್ಣು ಗಂಟೆಗಟ್ಟಲೆ ನೆಟ್ಟಿರುತ್ತಿದ್ದ ಗುರುತನ್ನೇ ಇಎ ತನ್ನದಾಗಿಸಿಕೊಂಡಿತು.

ಫಿಫಾ ಪರವಾನಗಿಯಿಂದ ಏನು ಸಿಗುತ್ತಿತ್ತು ಎಂಬುದರ ಬಗ್ಗೆ ಅನೇಕರಿಗೆ ತಪ್ಪು ಕಲ್ಪನೆಯಿದೆ. ಮುಖ್ಯವಾಗಿ ಸಿಗುತ್ತಿದ್ದದ್ದು ಇಂಗ್ಲಿಷಿನ ಆ ನಾಲ್ಕು ಅಕ್ಷರಗಳು ಮತ್ತು ವಿಶ್ವಕಪ್. ಆಟಗಾರರ ಹೆಸರು ಮತ್ತು ಚಹರೆಯ ಹಕ್ಕು ಬಹುಪಾಲು ಆಟಗಾರರ ಸಂಘವಾದ ಫಿಫ್‌ಪ್ರೊ ಮೂಲಕ ಬರುತ್ತದೆ. ಪ್ರೀಮಿಯರ್ ಲೀಗ್, ಲಾ ಲಿಗಾ, ಚಾಂಪಿಯನ್ಸ್ ಲೀಗ್ ಇವುಗಳ ಹಕ್ಕುಗಳಿಗೆ ಬೇರೆ ಬೇರೆ ಒಪ್ಪಂದಗಳಿವೆ. ಇಎ ಬಳಿ ಇಂಥ 300ಕ್ಕೂ ಹೆಚ್ಚು ಒಪ್ಪಂದಗಳಿದ್ದವು. ಹೀಗಿರುವಾಗ, ನಾಲ್ಕು ವರ್ಷಗಳ ಅವಧಿಗೆ 100 ಕೋಟಿ ಡಾಲರಿಗೂ ಹೆಚ್ಚು ಮೊತ್ತವನ್ನು ಫಿಫಾ ಕೇಳುತ್ತಿದೆ ಎಂದು 2021ರಲ್ಲಿ ವರದಿಯಾದಾಗ, ಆ ಹಣ ಕೊಟ್ಟು ಉಳಿಸಿಕೊಳ್ಳುವಂಥದ್ದು ಆ ಹೆಸರಿನಲ್ಲಿ ಏನಿದೆ ಎಂದು ಇಎ ಲೆಕ್ಕ ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ. ಎಫ್‌ಸಿ 24ರಲ್ಲಿ ನನಗೆ ಕಂಡ ನಿಜವಾದ ಕೊರತೆ ವಿಶ್ವಕಪ್ ಒಂದೇ. 2024ರ ಬೇಸಿಗೆಯಲ್ಲಿ ಯುರೋ ಟೂರ್ನಿಯನ್ನು ಉಚಿತ ಅಪ್‌ಡೇಟ್ ಆಗಿ ಕೊಟ್ಟಾಗ ಆ ಕೊರತೆಯೂ ಕೆಲಕಾಲ ಮರೆಯಾಯಿತು. ಅಂದ ಹಾಗೆ, ನನ್ನ ಜೊತೆ ಆಡುವವರೆಲ್ಲರೂ ಇಂದಿಗೂ ಅದನ್ನು ಫಿಫಾ ಎಂದೇ ಕರೆಯುತ್ತಾರೆ. ಹಣ ಕೊಡದೆಯೂ ಹಳೆಯ ಹೆಸರು ಇಎಗೆ ದುಡಿಯುತ್ತಿದೆ.

ಕೊನಾಮಿಯ ಕಥೆ ಇದಕ್ಕಿಂತ ಸ್ವಾರಸ್ಯಕರ, ಏಕೆಂದರೆ ಆ ಸರಣಿಗೆ ಒಂದು ನೆಟ್ಟಗಿನ ಹೆಸರು ಎಂದೂ ಇರಲೇ ಇಲ್ಲ. ಜಪಾನಿನಲ್ಲಿ ಅದು ವಿನ್ನಿಂಗ್ ಇಲೆವೆನ್, ಯುರೋಪಿನಲ್ಲಿ ಪ್ರೊ ಎವಲ್ಯೂಷನ್ ಸಾಕರ್. ಅಮೆರಿಕದಲ್ಲಂತೂ ಒಂದು ವರ್ಷ ಎರಡನ್ನೂ ಜೋಡಿಸಿ ವಿನ್ನಿಂಗ್ ಇಲೆವೆನ್: ಪ್ರೊ ಎವಲ್ಯೂಷನ್ ಸಾಕರ್ 2007 ಎಂದು ಮಾರಿದರು. ಆಟದೊಳಗಿನ ಹೆಸರುಗಳ ಪಾಡು ಇನ್ನೂ ಕಷ್ಟದ್ದು. ಪರವಾನಗಿ ಇಲ್ಲದ ಕಾರಣ ರಾಬರ್ಟೊ ಕಾರ್ಲೋಸ್ ಅವರು ಲಾರ್ಕೋಸ್ ಆದರು, ರಿಯಲ್ ಮ್ಯಾಡ್ರಿಡ್ ತಂಡ ಎಂಡಿ ವೈಟ್ ಆಯಿತು, ಮ್ಯಾಂಚೆಸ್ಟರ್ ಸಿಟಿ ಮ್ಯಾನ್ ಬ್ಲೂ ಆಯಿತು. ಮಾರ್ಕೆಟಿಂಗ್ ವಿಭಾಗದವರಿಗೆ ಇದು ದುಃಸ್ವಪ್ನವೇ ಇರಬೇಕು. ಆದರೂ ಆಡುವವರು ಈ ದೌರ್ಬಲ್ಯವನ್ನೇ ಪ್ರೀತಿಸಲು ಕಲಿತರು. ಋತುಗಟ್ಟಲೆ ತಂಡ ಕಟ್ಟುವ ಮಾಸ್ಟರ್ ಲೀಗ್ ಎಂಬ ವಿಭಾಗದಲ್ಲಿ ಆರಂಭಕ್ಕೆ ಸಿಗುತ್ತಿದ್ದ ಕಲ್ಪಿತ ಆಟಗಾರರಾದ ಕಾಸ್ಟೊಲೊ, ಮಿನಾಂಡ, ಗೋಲ್‌ಕೀಪರ್ ಇವರೊವ್ ಇವರು ಎಷ್ಟೋ ನಿಜವಾದ ಆಟಗಾರರಿಗಿಂತ ಹೆಚ್ಚು ನೆನಪಿನಲ್ಲಿ ಉಳಿದಿದ್ದಾರೆ. ಸರಿಯಾದ ಜರ್ಸಿ ಬೇಕೆನ್ನುವವರು ನಿಜವಾದ ಹೆಸರು, ಜರ್ಸಿಗಳನ್ನು ತುಂಬಿ ಅಭಿಮಾನಿಗಳೇ ತಯಾರಿಸಿದ ಆಪ್ಷನ್ ಫೈಲ್ ಎಂಬ ಕಡತವನ್ನು ಯುಎಸ್‌ಬಿ ಡ್ರೈವ್‌ಗೆ ಹಾಕಿ, ಪ್ಲೇಸ್ಟೇಷನ್‌ಗೆ ಚುಚ್ಚಿ, ಎಡಿಟ್ ಮೆನುವಿಗೆ ಹೋಗಿ ತಂಡಗಳನ್ನು ಒಂದೊಂದಾಗಿ ಆರಿಸಿ ಆಮದು ಮಾಡಿಕೊಳ್ಳುತ್ತಿದ್ದೆವು. ಆ ಕೆಲಸ ಮುಗಿಯುವ ಹೊತ್ತಿಗೆ ಆಟದ ಮೇಲೆ ಒಂದು ಬಗೆಯ ಒಡೆತನದ ಭಾವ ಬಂದುಬಿಡುತ್ತಿತ್ತು. ಯಾವ ಜಾಹೀರಾತೂ ಅಂಥ ಭಾವವನ್ನು ಕೊಡಲಾರದು.

ಕೊನಾಮಿಯೂ ಪರವಾನಗಿಯ ಆಯುಧವನ್ನು ಎದುರಾಳಿಯ ಮೇಲೆ ತಿರುಗಿಸಿದ್ದುಂಟು. 2019ರಲ್ಲಿ ಇಟಲಿಯ ಯುವೆಂಟಸ್ ಕ್ಲಬ್ ಜೊತೆ ಏಕಸ್ವಾಮ್ಯದ ಒಪ್ಪಂದ ಮಾಡಿಕೊಂಡದ್ದರಿಂದ ಫಿಫಾ 20ರಲ್ಲಿ ಆ ತಂಡ ಪಿಯೆಮಾಂಟೆ ಕಾಲ್ಚಿಯೊ ಎಂಬ ಕಲ್ಪಿತ ಹೆಸರಿನಲ್ಲಿ ಕಾಣಿಸಿಕೊಂಡಿತು. ಎರಡೂ ಆಟಗಳಲ್ಲಿ ಆ ತಂಡವನ್ನೇ ಆರಿಸಿ ಆಡಿ ನೋಡಿದೆ. ಒಂದರಲ್ಲಿ ರೊನಾಲ್ಡೊ ತಮ್ಮದೇ ಜರ್ಸಿಯಲ್ಲಿ ತಮ್ಮದೇ ಕ್ರೀಡಾಂಗಣಕ್ಕೆ ಇಳಿಯುತ್ತಿದ್ದರು. ಇನ್ನೊಂದರಲ್ಲಿ ಅದೇ ಮುಖ, ಅದೇ ಮೈಕಟ್ಟು, ಆದರೆ ಜರ್ಸಿಯ ಮೇಲೆ ಯಾರೂ ಕಂಡರಿಯದ ಲಾಂಛನ. ಮೊದಲ ಪಂದ್ಯದಲ್ಲಿ ಅದು ಕಣ್ಣಿಗೆ ಚುಚ್ಚಿತು. ಮುಂದಿನ ಪಂದ್ಯಗಳಲ್ಲಿ ಅದರ ಕಡೆ ಗಮನವೇ ಹೋಗಲಿಲ್ಲ. ಯುವೆಂಟಸ್‌ಗಾಗಿಯೇ ಆಟ ಬದಲಿಸಿದವರು ಯಾರನ್ನೂ ನಾನು ಕಾಣೆ.

ಹೀಗೆ ಹೆಸರಿನ ಬಡತನದಲ್ಲೂ ಬಾಳಿದ ಸರಣಿ 2021ರ ಸೆಪ್ಟೆಂಬರ್ 30ರಂದು ಎಲ್ಲವನ್ನೂ ಒಟ್ಟಿಗೆ ಬದಲಿಸಿತು. ಹೆಸರು ಹೊಸದು, ಆಟವನ್ನು ನಡೆಸುವ ತಂತ್ರಾಂಶವಾದ ಎಂಜಿನ್ ಹೊಸದು, ಹಣ ಕೊಟ್ಟು ಕೊಳ್ಳುವ ಪದ್ಧತಿ ಹೋಗಿ ಉಚಿತ ಆಟ ಬಂತು. ಬಿಡುಗಡೆಯ ದಿನ ಆಡಲು ಸಿಕ್ಕಿದ್ದು ಬರೇ ಒಂಬತ್ತು ಕ್ಲಬ್‌ಗಳು. ಮಾಸ್ಟರ್ ಲೀಗ್ ಇಲ್ಲ, ಎಡಿಟ್ ಮೋಡ್ ಇಲ್ಲ. ವಿರೂಪಗೊಂಡ ಮುಖಗಳ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಕಂಪ್ಯೂಟರ್ ಆಟಗಳ ಆನ್‌ಲೈನ್ ಮಳಿಗೆಯಾದ ಸ್ಟೀಮ್‌ನಲ್ಲಿ ಅತ್ಯಂತ ಕಳಪೆ ವಿಮರ್ಶೆ ಪಡೆದ ಆಟಗಳ ಸಾಲಿಗೆ ಅದು ಸೇರಿತು. ಕೊನಾಮಿ ಬಹಿರಂಗವಾಗಿ ಕ್ಷಮೆ ಕೇಳಿತು. ಪೂರ್ಣ ಎನ್ನಬಹುದಾದ 1.0 ಆವೃತ್ತಿ ಬಂದದ್ದು 2022ರ ಏಪ್ರಿಲ್‌ನಲ್ಲಿ. ಉಚಿತ ಎಂಬ ಮಾತು ಹೊಸಬರನ್ನು ಕರೆಯುತ್ತದೆ ನಿಜ, ಆದರೆ ಹಳಬರಿಗೆ ಬೇಕಾಗಿದ್ದದ್ದು ಕಾಸ್ಟೊಲೊ ಮತ್ತು ಆಪ್ಷನ್ ಫೈಲ್.

ವಿಚಿತ್ರವೆಂದರೆ ಇಂಥದ್ದೇ ಪಾಠವನ್ನು ಇಎ ಬಾಸ್ಕೆಟ್‌ಬಾಲ್‌ನಲ್ಲಿ ಆಗಲೇ ಕಲಿತಿತ್ತು. 2010ರಲ್ಲಿ ತನ್ನ ಬಾಸ್ಕೆಟ್‌ಬಾಲ್ ಸರಣಿಯ ಎನ್‌ಬಿಎ ಲೈವ್ ಹೆಸರನ್ನು ಎನ್‌ಬಿಎ ಎಲೀಟ್ ಎಂದು ಬದಲಿಸಿ, ನಿಯಂತ್ರಣ ಕ್ರಮವನ್ನೂ ಜೊತೆಯಲ್ಲೇ ಬದಲಿಸಲು ಹೊರಟಿತು. ಮುಂಚಿತವಾಗಿ ಬಿಟ್ಟ ಮಾದರಿ ಆವೃತ್ತಿಯಲ್ಲಿ (ಡೆಮೊ) ಬಾಸ್ಕೆಟ್‌ಬಾಲ್ ಆಟಗಾರ ಆ್ಯಂಡ್ರ್ಯೂ ಬೈನಮ್ ಅವರ ಆಕೃತಿ ಅಂಕಣದ ನಡುವೆ ಕೈಚಾಚಿ ಮರಗಟ್ಟಿ ನಿಂತ ದೃಶ್ಯ ನಗೆಪಾಟಲಾಯಿತು, ಆಟ ಅಂಗಡಿಗೆ ಬರುವ ಮುನ್ನವೇ ರದ್ದಾಯಿತು. ಅದೇ ವರ್ಷ ಎದುರಾಳಿ 2ಕೆ ಸಂಸ್ಥೆ ಮೈಕಲ್ ಜೋರ್ಡನ್ ಅವರನ್ನು ಮುಖಪುಟಕ್ಕೆ ತಂದು ಮೈದಾನವನ್ನು ತನ್ನದಾಗಿಸಿಕೊಂಡಿತು. ಕೆಲ ವರ್ಷಗಳ ಬಳಿಕ ಲೈವ್ ಎಂಬ ಹಳೆಯ ಹೆಸರನ್ನೇ ಮರಳಿ ತಂದರೂ ಹೋದವರು ವಾಪಸಾಗಲಿಲ್ಲ. 2018ರ ಎನ್‌ಬಿಎ ಲೈವ್ 19ರ ನಂತರ ಕನ್ಸೋಲ್‌ಗಳಲ್ಲಿ ಆ ಸರಣಿ ಮುಂದುವರಿದಿಲ್ಲ.

ಈಗ ಎರಡು ಫುಟ್‌ಬಾಲ್ ಆಟಗಳನ್ನು ಒಂದರ ಬೆನ್ನಿಗೆ ಇನ್ನೊಂದನ್ನು ಆಡಿದರೆ, ಮೈದಾನದೊಳಗಿನ ಅಂತರ ಹೆಸರುಗಳ ಅಂತರದಷ್ಟು ದೊಡ್ಡದಲ್ಲ ಎಂದು ನನಗನ್ನಿಸುತ್ತದೆ. ಇಫುಟ್‌ಬಾಲ್‌ನಲ್ಲಿ ಚೆಂಡಿಗೆ ತೂಕವಿದೆ. ಮಿಡ್‌ಫೀಲ್ಡರ್ ಬೆನ್ನು ತಿರುಗಿಸಿ ಪಾಸ್ ಪಡೆದರೆ ತಿರುಗಿ ನಿಲ್ಲಲು ಅವನಿಗೆ ಹೊತ್ತು ಬೇಕು, ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಎಫ್‌ಸಿಯ ಓಟ ಹೆಚ್ಚು ಚುರುಕು, ಡ್ರಿಬಲ್ ಹೆಚ್ಚು ಸಲೀಸು. ಎಫ್‌ಸಿ 26ರಲ್ಲಿ ಆನ್‌ಲೈನ್ ಸ್ಪರ್ಧೆಗೆ ಒಂದು, ನಿಧಾನಗತಿಯ ನೈಜ ಆಟಕ್ಕೆ ಇನ್ನೊಂದು ಎಂದು ಎರಡು ಕ್ರಮಗಳನ್ನು ಇಟ್ಟಿದ್ದಾರೆ. ಎರಡನೆಯದನ್ನು ಆಡುವಾಗ ಹಳೆಯ ಪ್ರೊ ಎವಲ್ಯೂಷನ್ ನೆನಪಾಯಿತು. ಒಬ್ಬನೇ ಕೂತು ಋತುಗಟ್ಟಲೆ ತಂಡ ಕಟ್ಟುವವನಿಗೆ ನಾನು ಎಫ್‌ಸಿಯನ್ನೇ ಸೂಚಿಸುತ್ತೇನೆ. ಹಣ ಹಾಕದೆ ಆಗೊಮ್ಮೆ ಈಗೊಮ್ಮೆ ಆನ್‌ಲೈನ್ ಪಂದ್ಯ ಆಡುವವನಿಗೆ ಇಫುಟ್‌ಬಾಲ್ ಈಗ ಧಾರಾಳವಾಗಿ ಸಾಕು.

ಇಎ ಬಿಟ್ಟ ಹೆಸರು ಕೊನೆಗೆ ಎಲ್ಲಿಗೆ ಬಂತು ಎಂಬುದೂ ಹೇಳಬೇಕಾದದ್ದೇ. 2024ರ ಅಕ್ಟೋಬರ್‌ನಲ್ಲಿ ಫಿಫಾ ತನ್ನ ಇ-ಸ್ಪೋರ್ಟ್ಸ್ ವಿಶ್ವಕಪ್‌ಗೆ ಕೊನಾಮಿಯ ಜೊತೆ ಕೈಜೋಡಿಸಿತು. ಆ ಟೂರ್ನಿ ಇಫುಟ್‌ಬಾಲ್‌ನಲ್ಲೇ ನಡೆಯಿತು. ಮೂರು ದಶಕ ಎದುರಾಳಿಯ ಡಬ್ಬಿಯ ಮೇಲಿದ್ದ ಹೆಸರು ತನ್ನ ಅಂಗಳಕ್ಕೆ ಬಂದರೂ ಕೊನಾಮಿ ಅದನ್ನು ಆಟದ ಶೀರ್ಷಿಕೆಗೆ ಏರಿಸಲಿಲ್ಲ, ಟೂರ್ನಿಯ ಮಟ್ಟಿಗಷ್ಟೇ ಬಳಸಿಕೊಂಡಿತು.