ಪ್ರಾಗ್‌ಗೆ ಹೊರಟ ವಿದ್ಯಾರ್ಥಿಗಳೇ, ಬೀದಿಯಲ್ಲಿ ಯೂರೋ ಬದಲಿಸಬೇಡಿ

ಡ್ರೆಸ್ಡೆನ್, ಕೆಮ್ನಿಟ್ಸ್, ಲೈಪ್‌ಜಿಗ್ ಸುತ್ತಮುತ್ತ ಓದುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಜರ್ಮನಿಯ ಗಡಿ ದಾಟಿ ಮೊದಲು ನೋಡಲು ಹೋಗುವ ಊರು ಸಾಮಾನ್ಯವಾಗಿ ಪ್ರಾಗ್. ಬಸ್ಸಿನ ದರ ಕಡಿಮೆ, ಡ್ರೆಸ್ಡೆನ್‌ನಿಂದ ಸುಮಾರು ಎರಡು ಗಂಟೆಯ ಹಾದಿ, ಜರ್ಮನಿಯ ನಿವಾಸ ಪರವಾನಗಿ ಇದ್ದವರಿಗೆ ಬೇರೆ ವೀಸಾದ ಗೋಜೂ ಇಲ್ಲ. ಆದರೆ ಜೆಕ್ ಗಣರಾಜ್ಯ 2004ರಿಂದ ಐರೋಪ್ಯ ಒಕ್ಕೂಟದಲ್ಲಿದ್ದರೂ ಯೂರೋವನ್ನು ಒಪ್ಪಿಕೊಂಡಿಲ್ಲ. ಅಲ್ಲಿ ನಡೆಯುವುದು ಕೊರುನಾ. ಒಂದು ಯೂರೋಗೆ ಸರಿಸುಮಾರು 24ರಿಂದ 25 ಕೊರುನಾ ಎಂಬ ಲೆಕ್ಕ ನಮಗೆ ಇನ್ನೂ ರೂಢಿಯಾಗದ, ಅಲ್ಲಿನ ನೋಟುಗಳ ಗುರುತೂ ಸಿಗದ ಮೊದಲ ಕೆಲವು ಗಂಟೆಗಳನ್ನೇ ಬಂಡವಾಳ ಮಾಡಿಕೊಂಡು ಬದುಕುವವರು ಆ ಊರಿನಲ್ಲಿದ್ದಾರೆ. ಈಸ್ಟರ್ ರಜೆಯಲ್ಲಿ ಗೆಳೆಯರ ಜೊತೆ ಹೋದಾಗ ನಮ್ಮ ಗುಂಪಿಗೆ ಆದದ್ದನ್ನು ಹೇಳುವುದು ಮುಂದೆ ಹೋಗುವವರಾದರೂ ಹುಷಾರಾಗಿರಲಿ ಎಂದು.

ನಗದು ಬೇಕಾದ ಕಾರಣ ಸಣ್ಣದು. ನಾವು ಉಳಿಯಬೇಕಿದ್ದ ಹಾಸ್ಟೆಲಿನವರು ಬಾಡಿಗೆಯನ್ನು ಕಾರ್ಡಿನಲ್ಲಿ ತೆಗೆದುಕೊಂಡಿದ್ದರೂ ತಲೆಗೆ, ರಾತ್ರಿಗೆ ಇಷ್ಟು ಎಂಬ ನಗರ ತೆರಿಗೆಯನ್ನು ಮಾತ್ರ ಕೊರುನಾ ನಗದಿನಲ್ಲೇ ಕೊಡಬೇಕೆಂದು ಬರೆದಿದ್ದರು. ಪ್ರಾಗ್‌ನ ಫ್ಲೋರೆಂಟ್ಸ್ (Florenc) ಬಸ್ ನಿಲ್ದಾಣದಲ್ಲಿ ಇಳಿದು, ಸಾಮಾನು ಹೊತ್ತುಕೊಂಡು ವೆನ್ಸೆಸ್ಲಾಸ್ ಚೌಕದ ಕಡೆ ನಡೆದೆವು. ಹಣ ಬದಲಿಸುವ ಅಂಗಡಿಯೊಂದರ ಮುಂದೆ ನಿಂತು ಫಲಕದ ಮೇಲಿನ ಅಂಕಿಗಳನ್ನು ಓದುತ್ತಿದ್ದಾಗ, ಅಚ್ಚುಕಟ್ಟಾಗಿ ಉಡುಪು ಧರಿಸಿದ್ದ ಮಧ್ಯವಯಸ್ಕನೊಬ್ಬ ಹತ್ತಿರ ಬಂದು, ಒಳಗಿನವರು ಮೋಸ ಮಾಡುತ್ತಾರೆ, ತನಗೆ ಜರ್ಮನಿಗೆ ಹೋಗಲು ಯೂರೋ ಬೇಕಾಗಿದೆ, ಒಂದಕ್ಕೆ 26ರಂತೆ ಕೊಡುತ್ತೇನೆ ಎಂದ. ಮಾತಿನಲ್ಲಿ ಒತ್ತಾಯವಿರಲಿಲ್ಲ. ಬೇಡವೆಂದರೆ ಹೋಗಿಬಿಡುವವನ ಹಾಗೆ ಅರ್ಧ ತಿರುಗಿಕೊಂಡೇ ನಿಂತಿದ್ದ. ಅಂಗಡಿಯ ಫಲಕದಲ್ಲಿದ್ದ ದರ ನಿಜವಾಗಿಯೂ ಕೆಟ್ಟದಾಗಿತ್ತು, ಆದ್ದರಿಂದ ಅವನ ಮೊದಲ ಮಾತು ಸುಳ್ಳಾಗಿರಲಿಲ್ಲ. ಈ ವಂಚನೆಯ ಜಾಣತನವೆಲ್ಲ ಇರುವುದು ಅಲ್ಲಿಯೇ ಎಂದು ನನಗೆ ಅನ್ನಿಸುತ್ತದೆ.

ಎಲ್ಲರಿಗೂ ಸೇರಿಸಿ ಒಟ್ಟಿಗೆ ಬದಲಿಸಿಬಿಡೋಣ ಎಂದು ಗೆಳೆಯ 200 ಯೂರೋ ಕೊಟ್ಟ. ಆ ಮನುಷ್ಯ ನೋಟುಗಳನ್ನು ಎಣಿಸಿ 5,200 ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ, ಕೈಯಲ್ಲಿಟ್ಟು, ಚೌಕದ ಜನಸಂದಣಿಯಲ್ಲಿ ಕಾಣೆಯಾದ. ಮೇಲಿದ್ದದ್ದು 200ರ ನೋಟು, ಅದರ ಕೆಳಗೆ 5,000 ಎಂದು ಅಚ್ಚಾಗಿದ್ದ ಇನ್ನೊಂದು ನೋಟು. ಲೆಕ್ಕ ಸರಿಯಾಗಿಯೇ ಇತ್ತು. ಹಾಸ್ಟೆಲಿನ ಹುಡುಗಿ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, 200ರದ್ದು ನಮ್ಮದು, ಇನ್ನೊಂದು ನಮ್ಮ ದೇಶದ್ದಲ್ಲ ಎಂದಳು. ಅದು ಬೆಲಾರುಸಿನ ಹಳೆಯ ರೂಬಲ್. 2016ರಲ್ಲಿ ಆ ದೇಶ ತನ್ನ ಹಣದಿಂದ ನಾಲ್ಕು ಸೊನ್ನೆಗಳನ್ನು ತೆಗೆದುಹಾಕಿದಾಗ ಈ 5,000 ರೂಬಲಿನ ಬೆಲೆ ಹೊಸ ಲೆಕ್ಕದಲ್ಲಿ ಅರ್ಧ ರೂಬಲ್ ಆಯಿತು. ಈಗ ಅದು ಬೆಲಾರುಸಿನಲ್ಲೂ ಚಲಾವಣೆಯಲ್ಲಿಲ್ಲ. ಹಾಗಾಗಿ 200 ಯೂರೋಗೆ ಬದಲಾಗಿ ನಮಗೆ ಸಿಕ್ಕಿದ್ದು ಸುಮಾರು 8 ಯೂರೋ ಬೆಲೆಯ ಒಂದು ನೋಟು ಮತ್ತು ಒಂದು ಕಾಗದ. ವೀಸಾಗಾಗಿ ಮೊದಲೇ ಹಣ ಕಟ್ಟಿಟ್ಟಿರುವ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ 992 ಯೂರೋ ಬಿಡುಗಡೆಯಾಗುವ, ಅದರಲ್ಲೇ ಬಾಡಿಗೆ, ವಿಮೆ, ದಿನಸಿ ಎಲ್ಲವನ್ನೂ ನಿಭಾಯಿಸುವ ವಿದ್ಯಾರ್ಥಿಗೆ 200 ಯೂರೋ ಎಂದರೇನು ಎಂಬುದನ್ನು ಇಲ್ಲಿ ಓದುತ್ತಿರುವವರಿಗೆ ವಿವರಿಸಬೇಕಿಲ್ಲ.

ಆ ಎರಡು ನೋಟುಗಳನ್ನು ಆಮೇಲೆ ಎಷ್ಟೋ ಹೊತ್ತು ನೋಡಿದೆವು. ನಿಜವಾದ 200ರ ಮೇಲೆ ಗಡ್ಡಧಾರಿ ಶಿಕ್ಷಣತಜ್ಞ ಕೊಮೆನ್‌ಸ್ಕಿಯ ಮುಖವಿದೆ. ರೂಬಲಿನ ಮೇಲೆ ಮುಖವೇ ಇಲ್ಲ, ಒಂದು ಕಟ್ಟಡವಿದೆ; ಅಕ್ಷರಗಳು ರಷ್ಯನ್ ಮಾದರಿಯ ಸಿರಿಲಿಕ್ ಲಿಪಿಯವು. ಚಲಾವಣೆಯಲ್ಲಿರುವ ಜೆಕ್ ನೋಟುಗಳೆಲ್ಲದರ ಮುಂಭಾಗದಲ್ಲೂ ಒಬ್ಬ ವ್ಯಕ್ತಿಯ ಚಿತ್ರವಿರುತ್ತದೆ: 100ರ ಮೇಲೆ ರಾಜ ನಾಲ್ಕನೇ ಕಾರ್ಲ್, 500ರ ಮೇಲೆ ಲೇಖಕಿ ಬೊಜೆನಾ ನೆಮ್ತ್ಸೊವಾ, 1,000ದ ಮೇಲೆ ಇತಿಹಾಸಕಾರ ಪಲಾತ್ಸ್ಕಿ, 2,000ದ ಮೇಲೆ ಗಾಯಕಿ ಎಮಾ ಡೆಸ್ಟಿನೊವಾ, 5,000ದ ಮೇಲೆ ಚೆಕೊಸ್ಲೊವಾಕಿಯಾದ ಮೊದಲ ಅಧ್ಯಕ್ಷ ಮಸಾರಿಕ್. ಜೆಕ್ ಭಾಷೆ ಬರೆಯುವುದು ರೋಮನ್ ಲಿಪಿಯಲ್ಲಿ. ನೋಟಿನ ಮೇಲೆ ಮುಖವಿಲ್ಲದಿದ್ದರೆ ಅಥವಾ ಸಿರಿಲಿಕ್ ಅಕ್ಷರ ಕಂಡರೆ ಅದು ಕೊರುನಾ ಅಲ್ಲ. ಹಂಗೇರಿಯ ಫೋರಿಂಟ್ ಮತ್ತು ಬಲ್ಗೇರಿಯಾದ ರದ್ದಾದ ಲೆವಾ ನೋಟುಗಳನ್ನೂ ಹೀಗೆಯೇ ದಾಟಿಸುವುದುಂಟು. ಫೋರಿಂಟಿನಲ್ಲಿ ಮುಖವೂ ಇದೆ, ರೋಮನ್ ಲಿಪಿಯೂ ಇದೆ, ಆದ್ದರಿಂದ ಬಸ್ಸಿನಲ್ಲಿರುವಾಗಲೇ ಜೆಕ್ ನೋಟುಗಳ ಚಿತ್ರಗಳನ್ನು ಮೊಬೈಲಿನಲ್ಲಿ ಒಮ್ಮೆ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಇದೆಲ್ಲಕ್ಕಿಂತ ಮೊದಲ ಮಾತು, ಬೀದಿಯಲ್ಲಿ ನಿಂತು ಹಣ ಬದಲಿಸುವ ವ್ಯಾಪಾರವೇ ಅಲ್ಲಿ ಕಾನೂನುಬಾಹಿರ. ದರ ಎಷ್ಟೇ ಚೆನ್ನಾಗಿರಲಿ, ಮಾತು ಬೆಳೆಸದೆ ಮುಂದೆ ನಡೆಯಿರಿ.

ದೂರು ಕೊಡಲು ವೆನ್ಸೆಸ್ಲಾಸ್ ಚೌಕಕ್ಕೆ ಹತ್ತಿರದಲ್ಲೇ ಇರುವ ಯುಂಗ್‌ಮನ್ ಚೌಕದ ಪೊಲೀಸ್ ಠಾಣೆಗೆ ಹೋದೆವು. ವಿದೇಶೀಯರಿಗೆ ದುಭಾಷಿಗಳ ನೆರವು ಅಲ್ಲಿ ಸಿಗುತ್ತದೆ. ಸೌಜನ್ಯದಿಂದಲೇ ಹೇಳಿಕೆ ಬರೆದುಕೊಂಡರು, ಆದರೆ ಹಣ ಮರಳಿ ಬರುವ ಭರವಸೆಯನ್ನು ಯಾರೂ ಕೊಡಲಿಲ್ಲ, ಬರಲೂ ಇಲ್ಲ. ಅಲ್ಲಿಯೇ ತಿಳಿದದ್ದು ಈ ಆಟದ ಎರಡನೆಯ ಅಂಕ: ಬದಲಿಸಿಕೊಂಡು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಸಾದಾ ಬಟ್ಟೆಯ ಇಬ್ಬರು ಎದುರಾಗಿ, ತಾವು ಪೊಲೀಸರು, ಖೋಟಾ ನೋಟು ಹುಡುಕುತ್ತಿದ್ದೇವೆ, ಪರ್ಸ್ ತೋರಿಸಿ ಎನ್ನುತ್ತಾರೆ, ಪರ್ಸ್ ಕೈಗೆ ಹೋಯಿತೆಂದರೆ ಉಳಿದ ಯೂರೋಗಳೂ ಹೋದಂತೆಯೇ. ಅಂಥವರು ಎದುರಾದರೆ ಪರ್ಸ್ ಕೊಡಬೇಡಿ. ಠಾಣೆಗೇ ಹೋಗಿ ತೋರಿಸುತ್ತೇನೆ ಎಂದು ಹೇಳಿ 158ಕ್ಕೆ ಕರೆ ಮಾಡಿ. 112 ಕೂಡ ಕೆಲಸ ಮಾಡುತ್ತದೆ.

ಹಾಗಾದರೆ ಅಂಗಡಿಗಳು ನಂಬಿಕಸ್ಥವೇ ಎಂದರೆ, ಅದೂ ಇಲ್ಲ. ಅದೇ ಸಂಜೆ ಗುಂಪಿನ ಇನ್ನೊಬ್ಬಳು, ಇನ್ನು ಬೀದಿಯವರ ಸಹವಾಸ ಬೇಡವೆಂದು, ಹಳೆಪೇಟೆ ಚೌಕಕ್ಕೆ ಹೋಗುವ ದಾರಿಯ ಅಂಗಡಿಯೊಂದರಲ್ಲಿ 100 ಯೂರೋ ಕೊಟ್ಟಳು. ಹೊರಗೆ ಶೂನ್ಯ ಕಮಿಷನ್ ಎಂದು ದೊಡ್ಡದಾಗಿ ಬರೆದಿತ್ತು. ಕಮಿಷನ್ ತೆಗೆದುಕೊಳ್ಳಲಿಲ್ಲ, ನಿಜ. ಆದರೆ ಕೈಗೆ ಬಂದದ್ದು 1,700 ಕೊರುನಾ. ಆ ದಿನದ ದರದಲ್ಲಿ 2,400ಕ್ಕಿಂತ ಹೆಚ್ಚು ಬರಬೇಕಿತ್ತು. ಕಣ್ಣಿಗೆ ಬೀಳುವ ಅಂಕಿ ಅವರು ಯೂರೋ ಮಾರುವ ದರ, ನಮ್ಮಿಂದ ಕೊಳ್ಳುವ ದರ ಬೇರೆಯೇ. ಇಷ್ಟು ಹೊತ್ತಿಗೆ ಹಾಸ್ಟೆಲಿನ ಹುಡುಗಿ ನಮಗೆ ಒಂದು ವಿಷಯ ಹೇಳಿಕೊಟ್ಟಿದ್ದಳು. ಜೆಕ್ ಹಣ ವಿನಿಮಯ ಕಾನೂನಿಗೆ ತಂದ, 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ, 1,000 ಯೂರೋ ಮೌಲ್ಯದವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ಅದೇ ಅಂಗಡಿಗೆ ಹೋಗಿ ರದ್ದುಮಾಡಿಸಬಹುದು, ಕಾರಣ ಹೇಳಬೇಕಿಲ್ಲ. ನಾವು ಎಲ್ಲರೂ ಒಟ್ಟಿಗೆ ಹೋಗಿ ರಸೀದಿಯನ್ನು ಕಿಟಕಿಯೊಳಗೆ ತಳ್ಳಿದೆವು. ಒಳಗಿದ್ದವನು ಮೊದಲು ತನಗೆ ಇಂಗ್ಲಿಷ್ ಬಾರದೆಂದ, ಆಮೇಲೆ ಮಾಲೀಕರಿಲ್ಲವೆಂದ. ಈ ಅಂಗಡಿಗಳ ಮೇಲ್ವಿಚಾರಣೆ ಜೆಕ್ ನ್ಯಾಷನಲ್ ಬ್ಯಾಂಕಿನದು, ಅಲ್ಲಿಗೆ ದೂರು ಬರೆಯುತ್ತೇವೆ ಎಂದು ಹೇಳಿ ರಸೀದಿಯ ಫೋಟೋ ತೆಗೆಯತೊಡಗಿದಾಗ 100 ಯೂರೋ ಮರಳಿ ಬಂತು. ರಸೀದಿ ಇರಲೇಬೇಕು, ಅದರಲ್ಲಿ ಸಮಯವೂ ಅಚ್ಚಾಗಿರಬೇಕು. ಕೊಡದಿದ್ದರೆ ಕಿಟಕಿ ಬಿಟ್ಟು ಕದಲಬೇಡಿ.

ಉಳಿದ ದಾರಿ ಎಟಿಎಂ. ಅಲ್ಲಿಯೂ ಎರಡು ಕಡೆ ಎಡವುವ ಸಾಧ್ಯತೆ ಇದೆ. ಪ್ರವಾಸಿಗರು ಓಡಾಡುವ ಬೀದಿಗಳಲ್ಲಿ ಹೆಜ್ಜೆಗೊಂದು ನಿಂತಿರುವ, ಯಾವ ಬ್ಯಾಂಕಿಗೂ ಸೇರದ ಯಂತ್ರಗಳು ಮೊದಲ ಪರದೆಯಲ್ಲೇ ವಿದ್ಯಾರ್ಥಿಗೆ ಬೇಡವಾದಷ್ಟು ದೊಡ್ಡ ಮೊತ್ತಗಳನ್ನು ತೋರಿಸುತ್ತವೆ, ಅದರ ಮೇಲೆ ತಮ್ಮದೊಂದು ಶುಲ್ಕವನ್ನೂ ಹಾಕುತ್ತವೆ. ಬ್ಯಾಂಕ್ ಶಾಖೆಯ ಗೋಡೆಗೇ ಹೊಂದಿಕೊಂಡಿರುವ ಎಟಿಎಂ ಹುಡುಕಿ. ಎರಡನೆಯದು, ಯಾವ ಯಂತ್ರವಾದರೂ ಕೊನೆಯಲ್ಲಿ ಕೇಳುವ ಪ್ರಶ್ನೆ: ನಿಮ್ಮ ಖಾತೆಯಿಂದ ಯೂರೋದಲ್ಲಿ ಕಳೆಯಲೇ, ಕೊರುನಾದಲ್ಲೇ. ಯೂರೋ ಎಂದು ಒತ್ತಿದರೆ ಪರಿವರ್ತನೆಯ ದರವನ್ನು ಯಂತ್ರದವರೇ ನಿಗದಿ ಮಾಡುತ್ತಾರೆ. ಅದು ಯಾವಾಗಲೂ ನಮಗೆ ನಷ್ಟದ್ದೇ. ಪರಿವರ್ತನೆ ಬೇಡ ಎಂಬ ಗುಂಡಿಯನ್ನು ಮಂಕಾಗಿ, ಒಪ್ಪಿಗೆಯದನ್ನು ಹಸಿರಾಗಿ ಇಟ್ಟಿರುತ್ತಾರೆ. ಮಂಕಾದುದನ್ನೇ ಒತ್ತಿ, ವ್ಯವಹಾರ ರದ್ದಾಗುವುದಿಲ್ಲ, ಹಣ ಬರುತ್ತದೆ. ಹೋಟೆಲು, ಅಂಗಡಿಗಳ ಕಾರ್ಡ್ ಯಂತ್ರ ಕೇಳಿದರೂ ಉತ್ತರ ಕೊರುನಾ ಎಂದೇ ಇರಲಿ. ಊರಿನಿಂದ ತಂದೆ ತಾಯಿ ಬಂದಾಗ ಅವರ ಫಾರೆಕ್ಸ್ ಕಾರ್ಡಿನಲ್ಲಿ (ವಿದೇಶಿ ಹಣ ತುಂಬಿಸಿ ಬಳಸುವ ಕಾರ್ಡು) ಯೂರೋ ಮಾತ್ರ ತುಂಬಿಸಿದ್ದರೆ ಕೊರುನಾ ಖರ್ಚಿಗೆ ಕ್ರಾಸ್ ಕರೆನ್ಸಿ ಶುಲ್ಕ ಬೀಳುವುದುಂಟು ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ವಾಸ್ತವದಲ್ಲಿ ಪ್ರಾಗ್‌ನಲ್ಲಿ ನಗದಿನ ಅಗತ್ಯ ಬಹಳ ಕಡಿಮೆ. ಟ್ರಾಮ್‌ನೊಳಗೇ ಕಾರ್ಡ್ ತಾಗಿಸಿ ಟಿಕೆಟ್ ಪಡೆಯಬಹುದು. ಕಾಗದದ ಟಿಕೆಟ್ ಕೊಂಡರೆ ಮಾತ್ರ ಮೆಟ್ರೋದ ಬಾಗಿಲಲ್ಲಿರುವ ಹಳದಿ ಪೆಟ್ಟಿಗೆಯಲ್ಲಿ ಮುದ್ರೆ ಒತ್ತಿಸಲೇಬೇಕು. ತಡೆಗೇಟುಗಳಿಲ್ಲದ ಕಾರಣ ಮರೆಯುವುದು ಸುಲಭ, ಮುದ್ರೆಯಿಲ್ಲದ ಟಿಕೆಟ್ ಇದ್ದೂ ಇಲ್ಲದಂತೆಯೇ, ದಂಡ ಬೀಳುತ್ತದೆ.

ಇನ್ನೊಂದು, ಮಾಂಸಾಹಾರಿಗಳಿಗೆ. 1410ರಲ್ಲಿ ಅಳವಡಿಸಿದ ಖಗೋಳ ಗಡಿಯಾರವಿರುವ ಹಳೆಪೇಟೆ ಚೌಕದಲ್ಲಿ ಈಸ್ಟರ್ ಮತ್ತು ಕ್ರಿಸ್‌ಮಸ್ ಸಂತೆಗಳ ಹೊತ್ತಿಗೆ ಕಟ್ಟಿಗೆಯ ಬೆಂಕಿಯಲ್ಲಿ ಸುಡುವ ಹಂದಿ ಮಾಂಸದ ಮಳಿಗೆಗಳಿರುತ್ತವೆ. ಫಲಕದ ಬೆಲೆ ಒಂದು ತಟ್ಟೆಯದಲ್ಲ, 100 ಗ್ರಾಮಿನದು. ಕತ್ತರಿಸುವವನು ಕೇಳದೆಯೇ 300, 400 ಗ್ರಾಮ್ ಕತ್ತರಿಸಿ ತೂಗುತ್ತಾನೆ, ಕತ್ತರಿಸಿದ ಮೇಲೆ ವಾಪಸು ತೆಗೆದುಕೊಳ್ಳುವುದಿಲ್ಲ. ಚಾಕು ಇಳಿಯುವ ಮೊದಲೇ ಎಷ್ಟು ಗ್ರಾಮ್ ಬೇಕೆಂದು ಹೇಳಿ, ತೂಕದ ಯಂತ್ರದ ಮೇಲೆ ಕಣ್ಣಿಡಿ.