ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ) ಅಂತ ಗಾಬರಿಯಾದವರು ಇಲ್ಲಿ ತೋರಿಸಿ

ಶಿರಸಿಯ ಈ ಹೆಂಗಸರ ಕ್ಲಿನಿಕ್ಕಿಗೆ ನಾಲ್ಕು ಸ್ಟಾರ್. ಒಂದನ್ನು ಕಡಿಮೆ ಮಾಡಿದ್ದು ಕಾಯಿಸುವುದಕ್ಕೆ. ಟೋಕನ್ ಕೊಡುತ್ತಾರೆ, ಆದರೆ ಹೆರಿಗೆ ಕೇಸ್ ಬಂದರೆ ಡಾಕ್ಟರು ಎದ್ದು ಹೋಗಲೇಬೇಕು, ಅದು ಸರಿ, ಎಷ್ಟು ಹೊತ್ತಾಗಬಹುದು ಅಂತ ಹೊರಗೆ ಕೂತವರಿಗೆ ಒಬ್ಬರಾದರೂ ಹೇಳಬೇಕಲ್ವಾ? ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದವರಿಗೆ ವಾಪಸ್ ಬಸ್ಸಿನ ಚಿಂತೆ ಇರುತ್ತದೆ.

ಡಾಕ್ಟರ ಬಗ್ಗೆ ಮಾತ್ರ ಏನೂ ದೂರಿಲ್ಲ. ನನ್ನ ತಂಗಿಗೆ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ, ಗದ್ದದ ಮೇಲೆ ಕೂದಲು. ಮೊದಲು ತೋರಿಸಿದ ಕಡೆ ಸ್ಕ್ಯಾನ್ ನೋಡಿ 'ಅಂಡಾಶಯದ ತುಂಬ ಗುಳ್ಳೆ' ಅಂದು ಮಾತ್ರೆ ಬರೆದು ಕಳಿಸಿದ್ದರು. ಆಪರೇಷನ್ ಬೇಕಾಗುತ್ತೇನೋ ಅಂತ ಆಯಿಗೆ ನಿದ್ದೆ ಇರಲಿಲ್ಲ. ಇಲ್ಲಿ ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದರು. ಅವು ಗಡ್ಡೆಗಳಲ್ಲ, ಅರ್ಧಕ್ಕೇ ಬೆಳವಣಿಗೆ ನಿಂತ ಕೋಶಗಳು (ಫಾಲಿಕಲ್), ಅಂದರೆ ಅಂಡ ಬೆಳೆಯುವ ಪುಟ್ಟ ಚೀಲಗಳು. ಎಲ್ಲ ಸರಿಯಿದ್ದರೆ ತಿಂಗಳಿಗೆ ಒಂದು ಕೋಶ ಸುಮಾರು 20 ಮಿ.ಮೀ. ತನಕ ಬೆಳೆದು ಒಡೆದು ಅಂಡ ಹೊರಬರುತ್ತದೆ. ಪಿಸಿಓಎಸ್‌ನಲ್ಲಿ ಬಹಳಷ್ಟು ಕೋಶಗಳು 2ರಿಂದ 9 ಮಿ.ಮೀ. ಒಳಗೇ ಉಳಿದುಬಿಡುತ್ತವೆ. ಅಂಡಾಶಯವನ್ನು ಪ್ರಚೋದಿಸುವ ಎಲ್‌ಎಚ್ ಹಾರ್ಮೋನ್ ಜಾಸ್ತಿಯಾದಾಗ ಅಂಡಾಶಯ ಗಂಡು ಹಾರ್ಮೋನನ್ನು ಹೆಚ್ಚು ಮಾಡುತ್ತದೆ, ಇನ್ಸುಲಿನ್ ಏರಿದ್ದರೆ ಅದಕ್ಕೆ ಇನ್ನಷ್ಟು ಕುಮ್ಮಕ್ಕು, ಕೋಶ ಬೆಳೆಸುವ ಹಾರ್ಮೋನ್ ಎಫ್‌ಎಸ್‌ಎಚ್ ಮಾತ್ರ ಒಂದು ಕೋಶವನ್ನು ಪೂರ್ತಿ ಬೆಳೆಸುವಷ್ಟು ಏರುವುದೇ ಇಲ್ಲ. ಕೂದಲು ಯಾಕೆ, ಮುಟ್ಟು ಯಾಕೆ ತಪ್ಪುತ್ತದೆ, ಎರಡೂ ತಂಗಿಗೆ ಒಟ್ಟಿಗೇ ಅರ್ಥವಾಯಿತು.

ಸುಮ್ನೆ ಟೆಸ್ಟ್ ಬರೆಯುವವರಲ್ಲ ಇವರು. ಎಎಂಎಚ್ (ಕೋಶಗಳು ಎಷ್ಟಿವೆ ಅಂತ ಅಂದಾಜು ಕೊಡುವ ರಕ್ತ ಪರೀಕ್ಷೆ) ಮಾಡಿಸಬೇಕಾ ಅಂತ ನಾವೇ ಕೇಳಿದೆವು. ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಲಕ್ಷಣ, ಸ್ಕ್ಯಾನ್‌ನಲ್ಲಿ ತುಂಬ ಕೋಶಗಳು, ಈ ಮೂರರಲ್ಲಿ ಎರಡಿದ್ದರೆ ಸಾಕು, ನಿಮ್ಮ ತಂಗಿಗೆ ಮೊದಲ ಎರಡೂ ಇವೆ, ಆ ದುಡ್ಡು ಉಳಿಸಿ ಅಂದರು. ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್) ಪರೀಕ್ಷೆ ಮಾಡಿಸಿದರು, ಜೊತೆಗೆ ಸಕ್ಕರೆ ಪರೀಕ್ಷೆ. ಅದೂ ಬಹಳ ಮುಖ್ಯ, ಪಿಸಿಓಎಸ್ ಇದ್ದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ.

ಹೈಸ್ಕೂಲು ಮಗಳನ್ನು ಕರೆದುಕೊಂಡು ಬಂದಿದ್ದ ಒಬ್ಬ ತಾಯಿಗೆ, ಮೈನೆರೆದು 8 ವರ್ಷ ಆಗುವ ತನಕ ಸ್ಕ್ಯಾನ್ ನೋಡಿ ಪಿಸಿಓಎಸ್ ಅನ್ನಬಾರದು, ಆ ವಯಸ್ಸಿನಲ್ಲಿ ಬಹಳ ಜನರಿಗೆ ಕೋಶಗಳು ಹೆಚ್ಚೇ ಕಾಣುತ್ತವೆ ಅಂತ ಸಮಾಧಾನ ಹೇಳಿ ಕಳಿಸಿದರು. ಹೀಗೆ ಹೇಳುವ ಡಾಕ್ಟರು ನಮ್ಮ ಜಿಲ್ಲೆಯಲ್ಲೇ ಇರುವಾಗ ಎಲ್ಲದಕ್ಕೂ ಹುಬ್ಬಳ್ಳಿಗೆ ಓಡುವುದು ಯಾಕೆ?

ಹೋಗುವ ಮೊದಲು ಫೋನ್ ಮಾಡಿ. ಕೆಲವು ಹಾರ್ಮೋನ್ ಪರೀಕ್ಷೆಗೆ ಮುಟ್ಟಿನ ಎರಡನೇ ಅಥವಾ ಮೂರನೇ ದಿನವೇ ರಕ್ತ ಕೊಡಬೇಕಾಗುತ್ತದೆ. ಹಳೆ ಸ್ಕ್ಯಾನ್ ಇದ್ದರೆ ಅದನ್ನೂ ಒಯ್ಯಿರಿ.