ಚಿಕ್ಕಮಗಳೂರಿನ ವಾರಾಂತ್ಯದ ವಿಡಿಯೊ ತರಬೇತಿ: ಹಣ ಕಟ್ಟುವ ಮುನ್ನ ಓದಿ

ಡಿಎಸ್‌ಎಲ್‌ಆರ್ ಅಥವಾ ಫುಲ್ ಫ್ರೇಮ್ ಕ್ಯಾಮೆರಾ ಕೊಂಡು, ಫೋಟೊದಿಂದ ವಿಡಿಯೊ ಕಡೆಗೆ ಹೊರಳಬೇಕೆಂದಿರುವ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಆಸಕ್ತರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗಿರಿ ತಪ್ಪಲಿನ ಹೋಂಸ್ಟೇ ಒಂದರಲ್ಲಿ ವಾರಾಂತ್ಯಕ್ಕೆ ‘ಸಿನಿಮ್ಯಾಟಿಕ್ ವಿಡಿಯೊ’ ಕಲಿಸುತ್ತೇವೆಂಬ ಜಾಹೀರಾತನ್ನು ನಂಬಿ, ಊಟ ವಸತಿಯೂ ಸೇರಿದ ಪೂರ್ತಿ ಶುಲ್ಕವನ್ನು ಮುಂಗಡವಾಗಿ ಕಟ್ಟಿ ಹೋಗಿದ್ದೆ. ಊಟ ಚೆನ್ನಾಗಿತ್ತು, ಅಕ್ಕಿರೊಟ್ಟಿಯ ಬಗ್ಗೆ ನನ್ನ ತಕರಾರೇನೂ ಇಲ್ಲ.

ತಕರಾರು ಕಲಿಸಿದ್ದರ ಬಗ್ಗೆ. ಬಂದವರ ಕ್ಯಾಮೆರಾ ಯಾವುದು, ಅವರು ಏನನ್ನು ಚಿತ್ರೀಕರಿಸಲಿದ್ದಾರೆ ಎಂದು ವಿಚಾರಿಸದೆ, ಎಲ್ಲರಿಗೂ ಒಂದೇ ಸೂತ್ರವನ್ನು ಬರೆಸಲಾಯಿತು: ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ), ಶಟರ್ (ಒಂದೊಂದು ಫ್ರೇಮ್‌ಗೆ ಬೆಳಕು ಬೀಳುವ ಅವಧಿ) 1/120 ಸೆಕೆಂಡ್, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ) ಯಾವಾಗಲೂ ಪೂರ್ತಿ ತೆರೆದಿರಬೇಕು. ಶಟರ್ ವೇಗ ಫ್ರೇಮ್ ದರದ ಎರಡರಷ್ಟಿರಲಿ ಎಂಬುದು ಸಿನಿಮಾದವರ ಹಳೆಯ ರೂಢಿ, ಅದರಲ್ಲಿ ತಪ್ಪಿಲ್ಲ. ಆದರೆ ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದು. ಟ್ಯೂಬ್‌ಲೈಟುಗಳೂ ಅಗ್ಗದ ಎಲ್‌ಇಡಿಗಳೂ ಸೆಕೆಂಡಿಗೆ 100 ಬಾರಿ ಮಂಕಾಗಿ ಬೆಳಗುತ್ತವೆ. 1/120 ಸೆಕೆಂಡಿನಲ್ಲಿ ಈ ಏರಿಳಿತದ ಒಂದು ಸುತ್ತು ಮುಗಿಯುವುದಿಲ್ಲ. ಇಂಥ ಕ್ಯಾಮೆರಾಗಳಲ್ಲಿ ಹೆಚ್ಚಿನವು ಬೆಳಕನ್ನು ಹಿಡಿಯುವ ಫಲಕವಾದ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ, ಒಂದೊಂದು ಸಾಲಿಗೆ ಒಂದೊಂದು ಪ್ರಮಾಣದ ಬೆಳಕು ದಕ್ಕಿ, ಚಿತ್ರದಲ್ಲಿ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಹರಿದಾಡುತ್ತವೆ. ಮುಳ್ಳಯ್ಯನಗಿರಿಯ ಬಿಸಿಲಿನಲ್ಲಿ ಇದು ಯಾರಿಗೂ ಕಾಣಲಿಲ್ಲ. ಹಾಸನದ ಕಲ್ಯಾಣ ಮಂಟಪವೊಂದರಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥವನ್ನು ಅದೇ ಸೂತ್ರದಂತೆ ಚಿತ್ರೀಕರಿಸಿದಾಗ ಕ್ಲಿಪ್‌ಗಳ ತುಂಬ ಪಟ್ಟಿಗಳೇ ಕಂಡವು, ಎಡಿಟಿಂಗ್‌ನಲ್ಲಿ ಅವು ಹೋಗಲಿಲ್ಲ. 25 ಫ್ರೇಮ್‌ಗೆ 1/50, 60 ಫ್ರೇಮ್ ಬೇಕೇ ಬೇಕೆಂದರೆ 1/100 ಇಡಿ ಎಂಬ ಒಂದು ಮಾತು ಸಾಕಿತ್ತು. ತರಬೇತುದಾರರಿಗೆ ಫೋನ್ ಮಾಡಿ ಕೇಳಿದರೆ, ‘ಸರ್, ಅದು ನಿಮ್ಮ ಕ್ಯಾಮೆರಾದ ಸಮಸ್ಯೆ’ ಎಂಬ ಉತ್ತರ ಬಂತು. ಜೊತೆಯಲ್ಲಿ ಕಲಿತ, ಬೇರೆ ಕಂಪನಿಯ ಕ್ಯಾಮೆರಾ ಇರುವವರಿಗೂ ಇದೇ ಆಗಿರುವುದರಿಂದ ಆ ಉತ್ತರವನ್ನು ಒಪ್ಪಲು ಸಾಧ್ಯವಿಲ್ಲ.

ಅಪರ್ಚರ್ ಸೂತ್ರವೂ ಅಷ್ಟೇ ಅಪಾಯಕಾರಿ. ಫುಲ್ ಫ್ರೇಮ್ ಕ್ಯಾಮೆರಾದ 36×24 ಮಿಲಿಮೀಟರ್ ಸೆನ್ಸರಿನ ಮೇಲೆ 85 ಎಂಎಂ ಲೆನ್ಸನ್ನು ಎಫ್ 1.4ರಲ್ಲಿ, ಅಂದರೆ ತುಂಬ ಅಗಲವಾಗಿ ತೆರೆದಿಟ್ಟು, ಒಂದೂವರೆ ಮೀಟರ್ ದೂರದ ಮುಖವನ್ನು ತೆಗೆದರೆ, ಸ್ಪಷ್ಟವಾಗಿ ಉಳಿಯುವ ಆಳ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ. ಮಾತನಾಡುವವರು ತುಸು ಮುಂದೆ ಬಾಗಿದರೂ ಕಣ್ಣು ಮಸುಕಾಗುತ್ತದೆ. ಬಿಸಿಲಿನಲ್ಲಿ ಅಪರ್ಚರ್ ತೆರೆದಿಡಲು ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬರುವ ಬೆಳಕನ್ನು ತಗ್ಗಿಸುವ ಗಾಜು) ಬೇಕು. ತರಬೇತುದಾರರ ಬಳಿ ಅದು ಇರಲಿಲ್ಲ. ಅದರ ಬದಲು ಶಟರನ್ನು 1/4000ಕ್ಕೆ ಏರಿಸಿದರು, ನಡೆಯುವವರೆಲ್ಲ ಕುಕ್ಕಿ ಕುಕ್ಕಿ ನಡೆದಂತೆ ಕಂಡರು. ಧ್ವನಿಯ ವಿಷಯವನ್ನು ಅವರು ಎತ್ತಲೇ ಇಲ್ಲ.

ಹಳೇಬೀಡಿನಲ್ಲಿ ಟ್ರೈಪಾಡ್ ಹಾಕಿ ಚಿತ್ರೀಕರಣ ಎಂದೂ ಜಾಹೀರಾತಿನಲ್ಲಿತ್ತು. ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕು. ಅದನ್ನು ಪಡೆಯದೆ ನಮ್ಮನ್ನು ಕರೆದೊಯ್ದು, ತಡೆದ ಸಿಬ್ಬಂದಿಯನ್ನೇ ದೂರಿದರು. ಸಿಬ್ಬಂದಿಯ ನಡೆ ಸರಿಯಾಗಿಯೇ ಇತ್ತು.

ಇಂಥ ತರಬೇತಿಗೆ ಸೇರುವವರು, ದೀಪದ ಬೆಳಕಿನ ಒಳಾಂಗಣ ಚಿತ್ರೀಕರಣ ಪಾಠದಲ್ಲಿದೆಯೇ, ಎನ್‌ಡಿ ಫಿಲ್ಟರ್ ಮತ್ತು ಪ್ರತ್ಯೇಕ ಮೈಕ್ ಒದಗಿಸುತ್ತಾರೆಯೇ ಎಂದು ಮೊದಲೇ ಕೇಳಿ, ಸ್ಮಾರಕಕ್ಕೆ ಕರೆದೊಯ್ಯುವುದಾದರೆ ಅನುಮತಿ ಪತ್ರವನ್ನು ತೋರಿಸಲು ಹೇಳಿ, ಕಲ್ಯಾಣ ಮಂಟಪದೊಳಗೆ ಅವರೇ ತೆಗೆದ, ಎಡಿಟ್ ಮಾಡದ ಒಂದು ಕ್ಲಿಪ್ಪನ್ನು ನೋಡಿ. ಜಾಹೀರಾತಿನ ಸ್ಕ್ರೀನ್‌ಶಾಟ್ ಮತ್ತು ರಸೀದಿಯನ್ನು ಜೋಪಾನವಾಗಿಡಿ. ಶುಲ್ಕ ಹಿಂತಿರುಗಿಸಲು ನನಗೆ ನಿರಾಕರಿಸಿದ್ದರಿಂದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ.